ಇಳಿಯೋದಕ್ಕೆ ಮರ ಯಾಕೆ

ಆಂಟಿ ತೀರಿಕೊಂಡ ಸುದ್ದಿ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಬಂದಾಗ ಅದರ ಕೆಳಗೆ ಯಾರೋ ಒಂದು ಸಾಲು ಸೇರಿಸಿದ್ದರು: 'ಕ್ಷಮಾಗುಣದ ಸಾಕಾರಮೂರ್ತಿ.' ನಾನು ಎಂಆರ್‌ಟಿ ರೈಲಿನಲ್ಲಿ ಕಂಬ ಹಿಡಿದು ನಿಂತಿದ್ದೆ. ಓದಿ ನಗು ಬಂತು, ಆಮೇಲೆ ಕಣ್ಣೂ ತುಂಬಿತು. ಆ ಸಾಲು ಬರೆದವರು ಅವರ ಕೈಯ ಕಾಫಿ ಕುಡಿದಿರಬಹುದು, ಅವರನ್ನು ಬಲ್ಲವರಂತೂ ಅಲ್ಲ. ನಾನು ಕಂಡಂತೆ ಅವರು ಜೀವನದಲ್ಲಿ ಯಾರನ್ನೂ ಕ್ಷಮಿಸಿದವರಲ್ಲ. ನನ್ನನ್ನೂ ಕ್ಷಮಿಸಲಿಲ್ಲ.

2013ರ ಸುಮಾರಿಗೆ ನಾನು ಸಿಂಗಪುರಕ್ಕೆ ಬಂದೆ. ತುಮಕೂರಿನವಳು, ವಯಸ್ಸು ಇಪ್ಪತ್ತಾರು, ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಕ್ಲೆಮೆಂಟಿಯಲ್ಲಿ ಎಂಟನೆಯ ಮಹಡಿಯ ಒಂದು ಫ್ಲ್ಯಾಟಿನಲ್ಲಿ ಮೈಸೂರಿನ ದಂಪತಿಗಳಿದ್ದರು. ಮಗಳು ಓದಲು ಆಸ್ಟ್ರೇಲಿಯಾಕ್ಕೆ ಹೋಗಿದ್ದರಿಂದ ಖಾಲಿಯಾದ ರೂಮು ನನಗೆ ಸಿಕ್ಕಿತು. ಎಲ್ಲರಂತೆ ನಾನೂ ಅವರನ್ನು ಆಂಟಿ, ಅಂಕಲ್ ಎಂದೇ ಕರೆದೆ.

ಆಂಟಿ ಐದಡಿಯೂ ಇರಲಿಲ್ಲ. ಕನ್ನಡಕಕ್ಕೆ ಕಪ್ಪು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿರುತ್ತಿದ್ದರು. ಸಿಟ್ಟು ಬಂದರೆ ಮಾತಾಡುತ್ತಿರಲಿಲ್ಲ, ಮಡಚುತ್ತಿದ್ದರು. ಕೈಯಲ್ಲಿ ಟವೆಲ್ ಇರಲಿ, ಅಡುಗೆಮನೆಯ ಬಟ್ಟೆ ಇರಲಿ, ಅದನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಚಿ, ಇನ್ನು ಮಡಚಲಾಗದು ಎನ್ನುವಷ್ಟು ಚಿಕ್ಕದಾದಾಗ ಮೇಜಿನ ಮೇಲೆ ಇಟ್ಟು ಒಮ್ಮೆ ಅದುಮುತ್ತಿದ್ದರು. ಹಾಗೆ ಅದುಮಿದರೆಂದರೆ ಆ ವಿಷಯ ಒಳಗೆ ಹೋಯಿತು, ಇನ್ನು ಹೊರಬರುವುದು ಅವರಿಗೆ ಬೇಕಾದಾಗ ಮಾತ್ರ ಎಂದು ಅರ್ಥ.

ಕ್ಲೆಮೆಂಟಿ ಮಾರ್ಕೆಟ್ಟಿನಲ್ಲಿ ಒಬ್ಬ ತರಕಾರಿ ಅಂಗಡಿಯವನು ಒಮ್ಮೆ ಅವರಿಗೆ ಒಳಗೆಲ್ಲ ಕೊಳೆತ ಬೀನ್ಸ್ ಕಟ್ಟಿಕೊಟ್ಟಿದ್ದನಂತೆ. ನಾನು ಬರುವುದಕ್ಕೆ ಆರು ವರ್ಷ ಮೊದಲಿನ ಮಾತು. ಆವತ್ತಿನಿಂದ ಆಂಟಿ ಅವನ ಪಕ್ಕದ ಅಂಗಡಿಯಲ್ಲೇ ಎಲ್ಲ ತರಕಾರಿ ಕೊಂಡು, ತುಂಬಿದ ಚೀಲ ಹಿಡಿದು ಅವನ ಮುಂದೆ ಬಂದು ನಿಂತು, "ಗುಡ್ ಮಾರ್ನಿಂಗ್ ಅಂಕಲ್" ಎಂದು ಹೇಳಿಯೇ ಮನೆಗೆ ಬರುತ್ತಿದ್ದರು. ಆರು ವರ್ಷ, ವಾರಕ್ಕೆ ಮೂರು ದಿನ. ನಾನೊಮ್ಮೆ ಜೊತೆಗಿದ್ದೆ. ಆ ಮುದುಕ ತಲೆಯೆತ್ತಲಿಲ್ಲ, ಸುಮ್ಮನೆ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ. ನನಗೂ ಒಮ್ಮೆ ಆಗಿತ್ತು. ಬಂದ ಹೊಸದರಲ್ಲಿ "ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿ ಅಲ್ವಾ ಆಂಟಿ" ಅಂದುಬಿಟ್ಟೆ. ಮರುದಿನದಿಂದ ಒಂದು ವಾರ ನನ್ನ ಸಾರಿಗೆ ಉಪ್ಪೇ ಇಲ್ಲ. ತಟ್ಟೆಯ ಪಕ್ಕ ಉಪ್ಪಿನ ಬಟ್ಟಲು, ಅದರಲ್ಲಿ ಪುಟ್ಟ ಚಮಚ. "ನಿನಗೆಷ್ಟು ಬೇಕೋ ಅಷ್ಟು ಹಾಕ್ಕೊ ಕಣೇ" ಎಂದು ನಗುತ್ತಲೇ ಹೇಳುತ್ತಿದ್ದರು.

ಅಂಕಲ್ ಕೆಟ್ಟವರಲ್ಲ. ನಾನು ರೂಮಿಗೆ ಬಂದ ದಿನ ಎಂಆರ್‌ಟಿ ಸ್ಟೇಷನ್ನಿಗೆ ತಾವೇ ಬಂದು, ನನ್ನ ಎರಡು ಸೂಟ್‌ಕೇಸನ್ನೂ ತಾವೇ ಎಳೆದುಕೊಂಡು ಹೋದವರು. ನಾಲ್ಕು ಜನರ ಮುಂದೆ ಮಾತ್ರ ಬೇರೆಯವರಾಗುತ್ತಿದ್ದರು. ಹಾಲಿನ ಒಂದು ಮೂಲೆಯನ್ನು ಪೂರ್ತಿ ಅವರ ವಿಮಾನ ಆಕ್ರಮಿಸಿತ್ತು. ಮೂರು ಸ್ಕ್ರೀನ್, ಹಿಡಿದು ತಿರುಗಿಸುವ ಸ್ಟಿಯರಿಂಗು, ಕಾಲಿಗೆ ಪೆಡಲ್ಲು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ. ಅದನ್ನು ಆಟ ಅಂದರೆ ಅವರಿಗೆ ಆಗುತ್ತಿರಲಿಲ್ಲ, ಸಿಮ್ಯುಲೇಟರ್ ಅನ್ನಬೇಕು. ಭಾನುವಾರ ಮಧ್ಯಾಹ್ನ ಅವರ ನಾಲ್ವರು ಗೆಳೆಯರು ಬರುತ್ತಿದ್ದರು. ಸರದಿಯ ಮೇಲೆ ಹಾರಿಸುವುದು, ಇಳಿಸುವುದು, ಮಧ್ಯೆ ಆಂಟಿಯ ಬಜ್ಜಿ. ಅಂಕಲ್‌ಗೆ ಒಂದು ಮಾತು ಇತ್ತು, ಪ್ರತಿ ಭಾನುವಾರ ಆಡುತ್ತಿದ್ದರು: "ನಮ್ಮನೆಯವಳಿಗೆ ಎಡ ಯಾವುದು ಬಲ ಯಾವುದು ಗೊತ್ತಿಲ್ಲ. ಬಿಶಾನ್‌ಗೆ ಹೋಗು ಅಂದ್ರೆ ಆಪೋಸಿಟ್ ಟ್ರೇನ್ ಹತ್ತಿ ಜುರಾಂಗ್ ನೋಡ್ಕೊಂಡು ಬರ್ತಾಳೆ." ಗೆಳೆಯರು ನಗುತ್ತಿದ್ದರು. ಆಂಟಿ ಬಜ್ಜಿ ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದರು.

ಆ ಒಂದು ಭಾನುವಾರದ ವಿಷಯ ಹೇಳಬೇಕು.

ಅಂಕಲ್ ಬೆಂಗಳೂರಿನ ಹೊಸ ಸೀನರಿ ತಂದು ಹಾಕಿಕೊಂಡಿದ್ದರು. ಅಂದರೆ, ವಿಮಾನದಿಂದ ಕೆಳಗೆ ನೋಡಿದರೆ ಕಾಣುವ ಊರು: ಮನೆಗಳು, ಮರಗಳು, ರಸ್ತೆ, ಕೆರೆ. ಗೆಳೆಯರು ಬರುವುದಕ್ಕೆ ಅರ್ಧ ಗಂಟೆ ಮೊದಲು ಅವರು ಕಂಪ್ಯೂಟರ್ ಮುಂದೆ ಕೂತು ಸೆಟ್ಟಿಂಗ್ಸ್ ತೆರೆದರು. ಯಾವುದು ಎಷ್ಟು ಕಾಣಬೇಕು ಎಂದು ಹೇಳುವ ಪುಟ್ಟ ಗುಂಡಿಗಳು ಅಲ್ಲಿರುತ್ತವೆ, ಎಡದಿಂದ ಬಲಕ್ಕೆ ಎಳೆಯಬಹುದು. ಅವರು ಒಂದೊಂದನ್ನೂ ಬಲತುದಿಗೆ ತಳ್ಳಿದರು. ಮರ, ನೀರಿನ ಹೊಳಪು, ನೆರಳು, ಮೋಡ, ರಸ್ತೆಯ ವಾಹನ. "ನೋಡ್ತಿರು, ಇವತ್ತು ಲಾಲ್‌ಬಾಗಿನ ಮರ ಒಂದೊಂದೂ ಎಣಿಸಬಹುದು" ಎಂದು ನನಗೆ ಹೇಳಿದರು. ನಾನು ಸೋಫಾದ ತುದಿಯಲ್ಲಿ ಕೂತಿದ್ದೆ. ಆಂಟಿ ಒಳಗೆ ಹಿಟ್ಟು ಕಲೆಸುತ್ತಿದ್ದರು.

ಗೆಳೆಯರು ಬಂದರು. ಅಂಕಲ್ ಹಾರಿಸಿದರು. ಮೇಲಿರುವಾಗ ಎಲ್ಲ ಸರಿಯಿತ್ತು. ಊರು ಹತ್ತಿರವಾಗುತ್ತಿದ್ದಂತೆ ಚಿತ್ರ ನಿಂತಿತು, ಒಮ್ಮೆ ಜಿಗಿಯಿತು, ಮತ್ತೆ ನಿಂತಿತು. ರನ್‌ವೇ ಕಣ್ಣಿಗೆ ಬೀಳುವ ಮೊದಲೇ ವಿಮಾನ ನೆಲಕ್ಕೆ ಬಡಿಯಿತು. ಒಬ್ಬರು, "ಬೆಂಗಳೂರು ಟ್ರಾಫಿಕ್ ಮೇಲೂ ಶುರು ಆಯ್ತಾ?" ಅಂದರು. ನಾಲ್ವರೂ ನಕ್ಕರು. ಅಂಕಲ್ ನಗಲಿಲ್ಲ. ಒಳಗೆ ಕೂಗಿದರು.

ಆಂಟಿ ಬಿಸಿ ಬಜ್ಜಿಯ ತಟ್ಟೆ ಹಿಡಿದೇ ಬಂದರು.

"ಬೆಳಿಗ್ಗೆ ಈ ಟೇಬಲ್ ಒರೆಸಿದ್ಯಾ?"

"ಹೂಂ, ಒರೆಸಿದೆ."

"ಮೌಸ್ ಮುಟ್ಟಿದ್ಯಾ?"

"ಎತ್ತಿಟ್ಟಿರಬಹುದು ರೀ, ಧೂಳಿತ್ತು."

"ನೋಡಿದ್ರಾ?" ಅಂಕಲ್ ಗೆಳೆಯರ ಕಡೆ ತಿರುಗಿದರು. "ಸೆಟ್ಟಿಂಗ್ಸ್ ಎಲ್ಲಾ ಕೆಡಿಸಿಟ್ಟಿದ್ದಾಳೆ. ಇಷ್ಟು ದೂರದಿಂದ ಬಂದಿದ್ದಾರೆ ಪಾಪ. ಸಾರಿ ಹೇಳು ಅವರಿಗೆ."

ತಮಾಷೆ ಇರಬೇಕು ಎಂದು ಆಂಟಿ ಅರ್ಧ ನಕ್ಕರು. ಅಂಕಲ್ ಮತ್ತೆ ಹೇಳಿದರು, "ಹೇಳು. ಒಬ್ಬೊಬ್ಬರಿಗೂ."

ಆಂಟಿ ಹೇಳಿದರು. ತಟ್ಟೆ ಹಿಡಿದುಕೊಂಡೇ ಒಬ್ಬೊಬ್ಬರ ಮುಂದೆ ನಿಂತು, ನಾಲ್ಕು ಸಲ, "ಸಾರಿ." ಮೊದಲ ಮೂವರು ಒಂದೊಂದು ಬಜ್ಜಿ ತೆಗೆದುಕೊಂಡರು. ನಾಲ್ಕನೆಯವರು, ಬಿಶಾನ್‌ನಿಂದ ಬರುತ್ತಿದ್ದ ಅಂಕಲ್, "ಅಯ್ಯೋ ಬಿಡಿ ಮೇಡಂ" ಎಂದು ನೆಲ ನೋಡಿದರು.

ನಾನು ಬಾಯಿ ಬಿಡಲಿಲ್ಲ. ಬಾಯಲ್ಲಿ ಬಜ್ಜಿ ಇತ್ತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಆ ರೂಮು ಸಿಗುವ ಮೊದಲು ನಾನು ಹನ್ನೊಂದು ಮನೆ ನೋಡಿದ್ದೆ. ಅಡುಗೆ ಮಾಡಬಾರದು, ಇಂಡಿಯನ್ಸ್ ಬೇಡ, ಎಂದು ಜಾಹೀರಾತಿನಲ್ಲೇ ಬರೆಯುತ್ತಿದ್ದ ಕಾಲ. ಮನೆಯ ಯಜಮಾನರನ್ನು ಅವರ ಗೆಳೆಯರ ಎದುರು ಸುಳ್ಳುಗಾರ ಮಾಡಿ ಮತ್ತೆ ಬೀದಿಗೆ ಬೀಳುವ ಧೈರ್ಯ ನನಗಿರಲಿಲ್ಲ.

ಎರಡು ದಿನ ಬಿಟ್ಟು, ಮಂಗಳವಾರ, ಆಂಟಿ ನನ್ನ ಬಾಗಿಲು ತಟ್ಟಿದರು. ನನ್ನ ಆಫೀಸು ಮಧ್ಯಾಹ್ನ ಮೂರಕ್ಕೆ ಶುರುವಾಗುತ್ತಿತ್ತು, ಬೆಳಿಗ್ಗೆಯೆಲ್ಲ ಮನೆಯಲ್ಲೇ ಇರುತ್ತಿದ್ದೆ.

"ನಿನಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತಲ್ಲ. ಆ ವಿಮಾನ ನನಗೆ ಕಲಿಸು."

"ಆಡೋದಕ್ಕಾ ಆಂಟಿ?"

"ಆಡಕ್ಕಲ್ಲ. ನನಗೆ ವಿಮಾನ ಅಂದ್ರೆ ಅಷ್ಟಕ್ಕಷ್ಟೆ. ಬಟ್ಟೆಯಲ್ಲಿ ಒರೆಸಿದ್ರೆ ಅದು ಕೆಡುತ್ತಾ ಅಂತ ನೋಡಬೇಕು."

ಆಗಲೇ ಹೇಳಬಹುದಿತ್ತು. "ಸರಿ ಆಂಟಿ" ಎಂದಷ್ಟೇ ಅಂದೆ.

ದಿನಾ ಹನ್ನೊಂದಕ್ಕೆ ಕೂರುತ್ತಿದ್ದೆವು. ಮೊದಲು ಅಂಕಲ್ ಅವರ ಸೆಟ್ಟಿಂಗ್ಸ್ ಹೇಗಿದೆಯೋ ಹಾಗೇ ಬೇರೆ ಹೆಸರಿನಲ್ಲಿ ಸೇವ್ ಮಾಡಿಡುವುದನ್ನು ಕಲಿಸಿದೆ, ಮುಗಿದ ಮೇಲೆ ಹಿಂದಿನಂತೆ ಮಾಡಬಹುದು ಎಂದು. ಆಮೇಲೆ ಅವರು ನನ್ನ ಸಲಹೆ ಕೇಳಲಿಲ್ಲ. ಮಗಳ ಹಳೆಯ ಶಾಲೆಯ ನೋಟ್‌ಬುಕ್ ತಂದರು. ದಿನಕ್ಕೆ ಒಂದೇ ಗುಂಡಿ ಮುಟ್ಟುವುದು ಎಂದು ನಿರ್ಧರಿಸಿದರು. ಅದೇ ಪುಟ್ಟ ವಿಮಾನ, ಅದೇ ಚಾಂಗಿ ವಿಮಾನ ನಿಲ್ದಾಣದ ರನ್‌ವೇ, ಸಮುದ್ರದ ಕಡೆಯಿಂದ ಅದೇ ದಾರಿ. ಬದಲಾಗುವುದು ಒಂದು ಗುಂಡಿ ಮಾತ್ರ. ಟೆಸ್ಟಿಂಗ್ ಕೆಲಸದಲ್ಲಿ ಇದನ್ನು ಕಲಿಯಲು ನನಗೆ ಆರು ತಿಂಗಳು ಹಿಡಿದಿತ್ತು. ನೋಟ್‌ಬುಕ್ಕಿನಲ್ಲಿ ಹೀಗೆ ಬರೆಯುತ್ತಿದ್ದರು: 'ಮರ ಅರ್ಧ. ಕೈ ತಿರುಗಿಸಿದ ಮೇಲೆ ಚಿತ್ರ ತಿರುಗಲು ಒಂದು ಉಸಿರಿನಷ್ಟು ತಡ.' 'ನೆರಳು ಪೂರ್ತಿ. ಏನೂ ಪ್ರಯೋಜನವಿಲ್ಲ. ವಿಮಾನದ ನೆರಳು ಯಾರಿಗೆ ಬೇಕು.' 'ರಸ್ತೆಯ ಕಾರು ಪೂರ್ತಿ. ತುಂಬ ತಡ. ಒಂದು ಕಾರೂ ಎಲ್ಲೂ ನಿಲ್ಲುವುದಿಲ್ಲ, ಯಾರೂ ಇಳಿಯುವುದಿಲ್ಲ.'

ಎಲ್ಲವನ್ನೂ ಬಲಕ್ಕೆ ತಳ್ಳಿದರೆ ಚಿತ್ರ ಯಾಕೆ ತಡವರಿಸುತ್ತದೆ ಎಂದು ನಾನು ಫ್ರೇಮ್ ರೇಟ್, ಗ್ರಾಫಿಕ್ಸ್ ಕಾರ್ಡ್ ಎಂದೆಲ್ಲ ವಿವರಿಸಲು ಹೊರಟೆ. ಅವರು ಮಧ್ಯದಲ್ಲೇ ತಡೆದರು. "ಗೊತ್ತಾಯ್ತು ಬಿಡು. ಕಂಪ್ಯೂಟರ್ ಒಬ್ಬಳೇ ಅಡುಗೆಯವಳು. ನೂರು ಎಲೆಗೂ ಒಂದೇ ಸಲ ಬಡಿಸು ಅಂದ್ರೆ ಯಾವ ಎಲೆಗೂ ಹೊತ್ತಿಗೆ ಅನ್ನ ಬೀಳಲ್ಲ. ಇವರು ಕೈ ತಿರುಗಿಸ್ತಾರೆ, ಅದು ತೋರಿಸೋದು ತಡ. ತಿರುಗಿಲ್ಲ ಅಂದ್ಕೊಂಡು ಇನ್ನೂ ತಿರುಗಿಸ್ತಾರೆ. ಬೀಳ್ತಾರೆ." ಇಪ್ಪತ್ತು ನಿಮಿಷದ ನನ್ನ ಪಾಠ ಅಷ್ಟರಲ್ಲಿ ಮುಗಿಯಿತು.

ನಾಲ್ಕು ವಾರದಲ್ಲಿ ಅವರಿಗೆ ತಮ್ಮದೇ ಒಂದು ಸೆಟ್ಟಿಂಗ್ ಆಯಿತು. ಮರ ಸೊನ್ನೆ. ನೀರಿನ ಹೊಳಪು ಸೊನ್ನೆ. ನೆರಳು, ಕಾರು, ಮೋಡ ಎಲ್ಲ ಸೊನ್ನೆ. ನೆಲದ ಏರಿಳಿತ ಪೂರ್ತಿ, ರನ್‌ವೇಯ ದೀಪ ಪೂರ್ತಿ. ಸ್ಕ್ರೀನಿನಲ್ಲಿ ಸಿಂಗಪುರ ಸಗಣಿ ಸಾರಿಸಿದ ಅಂಗಳದಂತೆ ಬೋಳಾಗಿ ಕಾಣುತ್ತಿತ್ತು. "ಸ್ವಲ್ಪ ಮರ ಇರಲಿ ಆಂಟಿ, ನೋಡೋಕೆ ಚೆನ್ನಾಗಿರುತ್ತೆ" ಅಂದೆ. "ಇಳಿಯೋದಕ್ಕೆ ಮರ ಯಾಕೆ?" ಅಂದರು. ಒಂದೇ ಒಂದು ದಿನ ನನ್ನ ಒತ್ತಾಯಕ್ಕೆ ಎಲ್ಲವನ್ನೂ ಮೇಲೇರಿಸಿ, ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟ ನೋಡಿದರು. ಮೆಟ್ಟಿಲಿಲ್ಲ, ಗೋಪುರವಿಲ್ಲ, ಹಸಿರು ಗುಡ್ಡೆ ಅಷ್ಟೆ. "ಇದು ನಮ್ಮ ಬೆಟ್ಟ ಅಲ್ಲ ಕಣೇ. ಯಾರೋ ಇಡ್ಲಿ ಬೋರಲು ಹಾಕಿದ್ದಾರೆ" ಎಂದು ನಕ್ಕರು. ಅವರು ಆ ಕುರ್ಚಿಯಲ್ಲಿ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಐದನೆಯ ವಾರ ಒಂದು ಬೆಳಿಗ್ಗೆ, "ಇವತ್ತು ನೀನೇನೂ ಮುಟ್ಟಬೇಡ" ಅಂದರು. ಒರೆಸುವ ಬಟ್ಟೆ ತಂದರು. ಸಿಮ್ಯುಲೇಟರ್ ಓಡುತ್ತಿದ್ದಂತೆಯೇ ಮೇಜು ಒರೆಸಿದರು, ಮೌಸ್ ಎತ್ತಿದರು, ಅದರ ಅಡಿ ಒರೆಸಿದರು, ಇಟ್ಟರು. ಬಾಣದ ಗುರುತು ಸ್ಕ್ರೀನಿನ ಮೇಲೆ ಅಲ್ಲಿಲ್ಲಿ ಓಡಾಡಿತು, ಬೇರೇನೂ ಆಗಲಿಲ್ಲ. ಮತ್ತೊಮ್ಮೆ ಒರೆಸಿದರು. ಮೂರನೆಯ ಸಲ ಬೇಕೆಂದೇ ಒತ್ತಿ ಒರೆಸಿದರು. ಆಮೇಲೆ ಕುರ್ಚಿಯಲ್ಲಿ ಕೂತು ಬೆರಳು ಮಡಚುತ್ತ ಹೇಳಿದರು:

"ಮೊದಲು ಮೆನು ತೆಗೀಬೇಕು. ಅದರಲ್ಲಿ ಸೆಟ್ಟಿಂಗ್ಸ್ ಒತ್ತಬೇಕು. ಒಂದು ಪುಟದಲ್ಲಿ ಮರ, ನೀರು, ನೆರಳು. ಇನ್ನೊಂದು ಪುಟಕ್ಕೆ ಹೋದ್ರೆ ಮೋಡ. ಮತ್ತೊಂದರಲ್ಲಿ ಕಾರು. ಐದನ್ನೂ ಹಿಡಿದು ಎಳೀಬೇಕು. ಕೊನೆಗೆ ಓಕೆ. ಒರೆಸೋ ಬಟ್ಟೆಗೆ ಇಷ್ಟು ಬುದ್ಧಿ ಇರುತ್ತೇನೇ?"

"ಇರಲ್ಲ ಆಂಟಿ."

"ಅವರೆಲ್ಲ ಹೋದ ಮೇಲೆ ಇವರು ಕೂತು ಎರಡೇ ನಿಮಿಷದಲ್ಲಿ ಎಲ್ಲ ಸರಿಮಾಡಿದ್ರು. ನಾನು ತಟ್ಟೆ ತೆಗೀತಾ ನೋಡ್ತಿದ್ದೆ. ಯಾವುದು ಕೆಟ್ಟಿದೆ ಅಂತ ಹುಡುಕಲೇ ಇಲ್ಲ. ಇಟ್ಟವರಿಗೆ ತಾನೆ ಗೊತ್ತಿರೋದು ಎಲ್ಲಿಟ್ಟಿದ್ದೀವಿ ಅಂತ." ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. "ನೀನು ಆವತ್ತು ಎಲ್ಲಿದ್ದೆ?"

"ಇಲ್ಲೇ. ಸೋಫಾದಲ್ಲಿ."

"ನೋಡಿದ್ಯಾ?"

"ನೋಡಿದೆ ಆಂಟಿ. ಅಂಕಲ್ಲೇ ಮಾಡಿದ್ದು. ಗೆಳೆಯರು ಬರೋಕೆ ಅರ್ಧ ಗಂಟೆ ಮುಂಚೆ."

ಆಂಟಿಯ ಕೈಯಲ್ಲಿ ಆ ಬಟ್ಟೆ ಇತ್ತು. ಎರಡಾಯಿತು, ನಾಲ್ಕಾಯಿತು, ಎಂಟಾಯಿತು.

"ಐದು ವಾರ," ಅಂದರು. "ಐದು ವಾರ ನನ್ನ ಕೈ ಮೇಲೆ ನಾನೇ ಅನುಮಾನ ಪಟ್ಕೊಂಡು ಕೂತಿದ್ದೆ. ಎಲ್ಲಿ ತಗುಲಿತೋ, ಹೇಗೆ ತಗುಲಿತೋ ಅಂತ. ನೀನು ಪಕ್ಕದಲ್ಲೇ ಕೂತು ಮೌಸ್ ಹಿಡಿಯೋದು ಹೇಳಿಕೊಡ್ತಿದ್ದೆ."

ಬಟ್ಟೆಯನ್ನು ಮೇಜಿನ ಮೇಲಿಟ್ಟು ಅದುಮಿದರು.

ಎರಡು ದಿನ ಮಾತಿಲ್ಲ. ಊಟ ಮಾತ್ರ ಹೊತ್ತಿಗೆ ಸರಿಯಾಗಿ ಮೇಜಿನ ಮೇಲಿರುತ್ತಿತ್ತು, ಉಪ್ಪೂ ಸರಿಯಾಗಿರುತ್ತಿತ್ತು. ಅದರಿಂದ ನನಗೆ ಇನ್ನೂ ಭಯವಾಯಿತು. ಮೂರನೆಯ ದಿನ ಹನ್ನೊಂದಕ್ಕೆ ಬಾಗಿಲು ತಟ್ಟಿ, "ಬಾ. ಇನ್ನು ಇಳಿಸೋದು ಕಲೀಬೇಕು" ಅಂದರು. ನಾನು ಅತ್ತುಬಿಟ್ಟೆ. ಅಳು ಮುಗಿಯುವವರೆಗೂ ಕಾದು, "ಯುಗಾದಿಗೆ ಎಲ್ಲರನ್ನೂ ಊಟಕ್ಕೆ ಕರೀತೀನಿ. ನಾನು ಕೇಳಿದಾಗ ನೋಡಿದ್ದನ್ನ ಹೇಳು. ಅಷ್ಟು ಸಾಕು" ಅಂದರು.

ನನಗೆ ತಪ್ಪು ತೊಳೆದುಕೊಳ್ಳುವ ಅವಸರ. ಅಂಕಲ್ ಹಾರಿಸುವ ಹೊತ್ತಿಗೆ ಸರಿಯಾಗಿ ಸೆಟ್ಟಿಂಗ್ ತಾನೇ ಬದಲಾಗುವಂತೆ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ, ಎಂದು ಉಪಾಯ ಹೇಳಿದೆ. ಅವರು ನನ್ನನ್ನು ಆ ತರಕಾರಿಯವನನ್ನು ನೋಡುವಂತೆ ನೋಡಿದರು.

"ಕದ್ದು ಮಾಡಿದ್ರೆ ಅದು ಚೇಷ್ಟೆ. ಯಾರು ಮಾಡಿದ್ರು, ಯಾಕೆ ಮಾಡಿದ್ರು ಅಂತ ಗೊತ್ತಾಗಬೇಕು. ಆಗಲೇ ಅದು ಸೇಡು."

"ಸುಮ್ನೆ ಅಂಕಲ್ ಹತ್ರ ಒಬ್ಬರೇ ಇದ್ದಾಗ ಕೇಳಿಬಿಡಬಹುದಲ್ವಾ ಆಂಟಿ?"

"ಕೇಳಿದ್ರೆ 'ಹೌದಾ, ಆಯ್ತು ಬಿಡು' ಅಂತಾರೆ. ಆ 'ಬಿಡು' ನನಗೆ ಬೇಡ."

ಯುಗಾದಿಯ ಭಾನುವಾರ ಅವರು ಗೆಳೆಯರ ಹೆಂಡತಿಯರನ್ನೂ ಕರೆದರು. ಅದೂ ಯೋಚಿಸಿ ಮಾಡಿದ್ದೇ. ಗಂಡಸರು ಮುಚ್ಚಿಡಬಹುದು, ಹೆಂಗಸರು ಕಂಡದ್ದು ಸಿಂಗಪುರದ ಕನ್ನಡದವರಿಗೆಲ್ಲ ತಲುಪುತ್ತದೆ. ಹೋಳಿಗೆ, ಮಾವಿನಕಾಯಿ ಚಿತ್ರಾನ್ನ, ಪಾಯಸ. ಎಲ್ಲರೂ ಹೊಟ್ಟೆ ಬಿರಿಯ ಉಂಡರು. ಊಟದ ನಂತರ ಅಂಕಲ್ ಸಿಮ್ಯುಲೇಟರ್ ಹಚ್ಚಿದರು. ಆಂಟಿ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದು ನಿಂತರು.

"ರೀ, ನಾನೊಂದ್ಸಲ ಕೂತ್ಕೋತೀನಿ."

"ನೀನಾ?" ಅಂಕಲ್ ಎಲ್ಲರನ್ನೂ ನೋಡಿದರು. "ಚಾಂಗಿಯಲ್ಲಿ ಇಳಿಸು ಅಂದ್ರೆ ಜುರಾಂಗ್‌ನಲ್ಲಿ ಇಳಿಸ್ತಾಳೆ." ಎಲ್ಲರೂ ನಕ್ಕರು, ಹೆಂಗಸರೂ.

ಆಂಟಿ ದಿಂಬು ಹಾಕಿಕೊಂಡು ಕೂತರು. ಕನ್ನಡಕ ಏರಿಸಿದರು. ಮೆನು ತೆರೆದರು. "ಏಯ್, ಅದನ್ನ ಮುಟ್ಟಬೇಡ" ಎಂದು ಅಂಕಲ್ ಕೈ ಚಾಚಿದರು. ಬಿಶಾನ್ ಅಂಕಲ್, "ಇರಲಿ ಸಾರ್, ನೋಡೋಣ" ಎಂದು ತಡೆದರು. ಆಂಟಿ ಒಂದೊಂದನ್ನೂ ಹೆಸರಿಟ್ಟು ಎಡಕ್ಕೆ ಎಳೆದರು. "ಮರ ಬೇಡ. ನೀರು ಬೇಡ. ನೆರಳು ಬೇಡ. ಮೋಡ ಬೇಡ. ಕಾರು ಬೇಡ. ಓಕೆ." ಸಮುದ್ರದ ಕಡೆಯಿಂದ ಬಂದರು. ಬೋಳು ನೆಲ, ಎರಡು ಸಾಲು ದೀಪ. ಚಕ್ರ ನೆಲ ಮುಟ್ಟಿದ್ದು ಶಬ್ದದಿಂದ ಗೊತ್ತಾಯಿತೇ ಹೊರತು ಚಿತ್ರ ಅಲುಗಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು. ಆಂಟಿ ತಿರುಗಿ ನೋಡಲಿಲ್ಲ. ವಿಮಾನವನ್ನು ಬೆಂಗಳೂರಿನ ಆಕಾಶಕ್ಕೆ ಹಾಕಿ, ಮತ್ತೆ ಸೆಟ್ಟಿಂಗ್ಸ್ ತೆರೆದು, ಐದನ್ನೂ ಬಲತುದಿಗೆ ತಳ್ಳಿ, ಎದ್ದು ನಿಂತರು.

"ಬನ್ನಿ. ಆವತ್ತು ಹೇಗಿತ್ತೋ ಹಾಗೇ ಇದೆ. ಇಳಿಸಿ."

"ಇದರಲ್ಲಿ ಯಾರು ಇಳಿಸ್ತಾರೆ? ಪೂರ್ತಿ ಹ್ಯಾಂಗ್ ಆಗುತ್ತೆ."

"ಆಗುತ್ತೆ. ಅದು ನಿಮಗೆ ಗೊತ್ತು."

ಅಂಕಲ್ ಕೂತರು. ಕೂರದೆ ಬೇರೆ ದಾರಿ ಇರಲಿಲ್ಲ. ಚಿತ್ರ ನಿಂತಿತು, ಜಿಗಿಯಿತು, ನಿಂತಿತು. ವಿಮಾನ ಬಿತ್ತು. ಈ ಸಲ ಯಾರೂ ನಗಲಿಲ್ಲ.

"ಹೇಳು," ಆಂಟಿ ನನ್ನ ಕಡೆ ನೋಡಿದರು.

ನಾನು ಎದ್ದು ನಿಂತೆ. "ಆವತ್ತು ಸೆಟ್ಟಿಂಗ್ ಹಾಕಿದ್ದು ಅಂಕಲ್. ನಾನು ಇಲ್ಲೇ ಕೂತು ನೋಡಿದೆ. ಆಂಟಿ ಮುಟ್ಟಿರಲಿಲ್ಲ."

ಅಂಕಲ್ ಎರಡೂ ಕೈ ಜೋಡಿಸಿ ತಲೆಯ ಮೇಲೆತ್ತಿ, "ಆಯ್ತು ತಾಯಿ, ಸಾರಿ, ಮುಗೀತಾ?" ಎಂದು ನಕ್ಕರು.

"ಹಾಗಲ್ಲ," ಅಂದರು ಆಂಟಿ. ಧ್ವನಿ ಏರಿರಲಿಲ್ಲ. "ನಾನು ಒಬ್ಬೊಬ್ಬರ ಮುಂದೆ ನಿಂತು ಸಾರಿ ಕೇಳಿದ್ದೆ. ನೀವೂ ಹಾಗೇ ಕೇಳಿ. ಇವರು ನಾಲ್ಕು ಜನರ ಮುಂದೆ, ಒಬ್ಬೊಬ್ಬರ ಮುಂದೆ ಒಂದೊಂದು ಸಲ. ನನಗೆ."

ಅಂಕಲ್ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಲಿಫ್ಟ್ ಇಳಿದ ಸದ್ದು ಕೇಳಿತು. ಆಂಟಿ ಒಳಗೆ ಹೋಗಿ ಎಲ್ಲರಿಗೂ ಎರಡನೆಯ ಸಲ ಪಾಯಸ ತಂದರು. ಬೇಡ ಎನ್ನಲು ಯಾರಿಗೂ ಧೈರ್ಯವಾಗಲಿಲ್ಲ.

ನಾಲ್ಕು ದಿನದ ನಂತರ ಅಂಕಲ್ ನನ್ನನ್ನು ಹಾಲಿಗೆ ಕರೆದು, ತಿಂಗಳ ಕೊನೆಗೆ ರೂಮು ಖಾಲಿ ಮಾಡಬೇಕು ಎಂದರು. ಆಂಟಿ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು. ನಾನು ಅವರ ಕಡೆ ನೋಡಿದೆ. ಒಂದು ಮಾತು ಸಾಕಿತ್ತು. ಆ ದಿನಗಳಲ್ಲಿ ಆ ಮನೆಯಲ್ಲಿ ಅವರ ಮಾತು ಮೀರುವ ಸ್ಥಿತಿಯಲ್ಲಿ ಅಂಕಲ್ ಇರಲಿಲ್ಲ. ಆಂಟಿ ನನ್ನನ್ನು ನೇರವಾಗಿ ನೋಡುತ್ತ ಒಂದು ಗುಟುಕು ಕಾಫಿ ಕುಡಿದರು. ಬಾಯಿ ಬಿಡಲಿಲ್ಲ. ನನಗೆ ಅರ್ಥವಾಯಿತು. ಸೋಫಾದ ತುದಿಯಲ್ಲಿ ನಾನು ಕೂತಿದ್ದ ಹಾಗೆಯೇ ಅವರು ನಿಂತಿದ್ದರು. ಊರಿನ ಇನ್ನೊಂದು ಕಡೆಯ ಹೌಗಾಂಗ್‌ನಲ್ಲಿ ಕಿಟಕಿಯಿಲ್ಲದ ಒಂದು ರೂಮಿಗೆ ಹೋದೆ. ಆಫೀಸಿಗೆ ಒಂದು ಗಂಟೆಯ ದಾರಿ. ದಿನಾ ಆ ಒಂದು ಗಂಟೆ ಅವರನ್ನು ಬೈದುಕೊಂಡೆ, ಆದರೆ ಅನ್ಯಾಯವಾಯಿತು ಎಂದು ಮಾತ್ರ ಹೇಳಿಕೊಳ್ಳಲಾಗಲಿಲ್ಲ.

ಉಳಿದದ್ದು ಬಿಶಾನ್ ಅಂಕಲ್ ಅವರ ಹೆಂಡತಿಯಿಂದ ಕೇಳಿದ್ದು. ಯುಗಾದಿಯಿಂದ ಆಂಟಿ ಗಂಡನ ಜೊತೆ ಕನ್ನಡ ಮಾತಾಡುವುದನ್ನೇ ನಿಲ್ಲಿಸಿದರಂತೆ. ಜಗಳವಿಲ್ಲ, ಮುನಿಸಿಲ್ಲ. ಬರೀ ಇಂಗ್ಲಿಷು. "ಯುವರ್ ಲಂಚ್ ಈಸ್ ಆನ್ ದಿ ಟೇಬಲ್." "ಯುವರ್ ಶರ್ಟ್ ಈಸ್ ಐರನ್ಡ್." ಇಪ್ಪತ್ತೈದು ವರ್ಷ 'ರೀ' ಎಂದು ಕರೆಸಿಕೊಂಡ ಮನುಷ್ಯ ಎಂಟು ವಾರ ತಡೆದರು. ಒಂಬತ್ತನೆಯ ಭಾನುವಾರ ಹೆಂಡತಿಯನ್ನು ಕರೆದುಕೊಂಡು ಮೊದಲನೆಯ ಗೆಳೆಯನ ಮನೆಗೆ ಹೋದರು. ವಾರಕ್ಕೊಂದು ಮನೆ, ನಾಲ್ಕು ಭಾನುವಾರ. ಆಂಟಿ ಪ್ರತಿ ಸಲ ಒಳ್ಳೆಯ ಸೀರೆ ಉಟ್ಟು, ಸೋಫಾದಲ್ಲಿ ಕೂತು, ಕಾಫಿ ಕುಡಿದು ಕೇಳಿಸಿಕೊಂಡರು. ಕೊನೆಯದು ಬಿಶಾನ್. ಅಲ್ಲಿ ಅಂಕಲ್ ಮುಖ ಎತ್ತಲಾಗದೆ ಗಾಜಿನ ಪೆಟ್ಟಿಗೆಯ ಮೀನುಗಳ ಕಡೆ ತಿರುಗಿ "ಸಾರಿ" ಅಂದರಂತೆ. ಆಂಟಿ ಲೋಟ ಕೆಳಗಿಟ್ಟು, "ಮೀನಿಗಲ್ಲ, ನನಗೆ" ಅಂದರಂತೆ. ಅವರು ತಿರುಗಿ ಇನ್ನೊಮ್ಮೆ ಹೇಳಿದರು. ಬರುವ ದಾರಿಯಲ್ಲಿ, ಎಂಆರ್‌ಟಿಯಲ್ಲಿ, ಆಂಟಿ ಕನ್ನಡದಲ್ಲಿ ಕೇಳಿದರಂತೆ: "ರೀ, ನಾಳೆ ಹುರುಳಿಕಾಯಿ ಮಾಡ್ಲಾ, ಬೆಂಡೆಕಾಯಿ ಮಾಡ್ಲಾ?"

ಸಿಮ್ಯುಲೇಟರನ್ನು ಅಂಕಲ್ ಮತ್ತೆ ಮುಟ್ಟಲಿಲ್ಲ, ಯಾರಿಗೋ ಕೊಟ್ಟುಬಿಟ್ಟರು. ಆಂಟಿಯೂ ಅದನ್ನು ಕೇಳಲಿಲ್ಲ.

ನಾನು ಹೌಗಾಂಗ್‌ನಿಂದ ತಿಂಗಳಿಗೊಮ್ಮೆ ಅವರಿಗೆ ಫೋನ್ ಮಾಡುತ್ತಿದ್ದೆ. ಯಾಕೆ ಎಂದು ನನಗೇ ಗೊತ್ತಿರಲಿಲ್ಲ. ಅವರು ಎತ್ತುತ್ತಿದ್ದರು, ಆರೋಗ್ಯ ಕೇಳುತ್ತಿದ್ದರು, ಇಡುತ್ತಿದ್ದರು. ಕೆಲವು ವರ್ಷದ ಮೇಲೆ ಅಂಕಲ್ ರಿಟೈರ್ ಆದರು. ಮೈಸೂರಿಗೆ ಹೊರಡುವ ಮುಂಚಿನ ವಾರ ಆಂಟಿ ನನ್ನನ್ನು ಬಿಶಾನ್ ಪಾರ್ಕಿಗೆ ಬರಹೇಳಿದರು. ಸಂಜೆ ನೀರಿನ ಪಕ್ಕದ ಬೆಂಚಿನಲ್ಲಿ ಕೂತೆವು. ಡಬ್ಬಿಯಲ್ಲಿ ಕೋಡುಬಳೆ ತಂದಿದ್ದರು. ಅವರು ತುಂಬ ಇಳಿದಿದ್ದರು.

"ಆಂಟಿ, ಆವತ್ತು ನಾಲ್ಕು ಮನೆಯಲ್ಲೂ ಕೇಳಿಸಿಕೊಂಡ್ರಲ್ಲ. ಸಮಾಧಾನ ಆಯ್ತಾ?"

"ಚೆನ್ನಾಗಿತ್ತು," ಅಂದರು. ಸುಳ್ಳು ಹೇಳುವವರಲ್ಲ. "ನಾಲ್ಕು ಸಲವೂ ಚೆನ್ನಾಗಿತ್ತು. ಆದ್ರೆ ನನಗೆ ಬೇಕಾಗಿದ್ದು ಆ ಭಾನುವಾರ ಆಗದೇ ಇರೋದು. ಅದನ್ನ ತಂದುಕೊಡೋದು ಯಾರ ಕೈಲೂ ಆಗಲ್ಲ."

ಆಗ ಕೇಳಿದೆ. "ನನ್ನನ್ನ ಕ್ಷಮಿಸಿದ್ದೀರಾ?"

"ಇಲ್ಲ."

ಯೋಚಿಸುವುದಕ್ಕೂ ನಿಲ್ಲಲಿಲ್ಲ. ನಾನು ನೀರಿನ ಕಡೆ ನೋಡಿದೆ. ಅವರು ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟರು.

"ಅವರನ್ನೂ ಕ್ಷಮಿಸಿಲ್ಲ. ಆದ್ರೂ ಅವರ ಜೊತೆ ಮೈಸೂರಿಗೆ ಹೋಗ್ತಿಲ್ವಾ? ಕ್ಷಮಿಸಿದವರ ಜೊತೆ ಮಾತ್ರ ಇರ್ತೀನಿ ಅಂದ್ರೆ ನಾನು ಯಾವತ್ತೋ ಒಂಟಿಯಾಗಿರ್ತಿದ್ದೆ." ಮುಚ್ಚಳ ತೆಗೆದು ಒಂದು ಕೋಡುಬಳೆ ನನ್ನ ಕೈಗೆ ಕೊಟ್ಟರು. "ಮೈಸೂರಿಗೂ ತಿಂಗಳಿಗೊಂದ್ಸಲ ಫೋನ್ ಮಾಡು. ತಪ್ಪಿಸಿದ್ರೆ ಅದೂ ನೆನಪಿರುತ್ತೆ."

ಒಂದು ತಿಂಗಳೂ ತಪ್ಪಿಸಲಿಲ್ಲ.